ಪಟ್ಟಿಯಲ್ಲಿ ಕಾಣದ ಲೀಲಾ

೨೦೦೩ನೇ ಇಸವಿಯ ಜುಲೈ ತಿಂಗಳು. ಆಗ ನಾನು ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದೆ. ಹತ್ತೊಂಬತ್ತು ಮಂದಿ ಕಲಿಯಲು ಬರುತ್ತಿದ್ದರು, ಎಲ್ಲರೂ ಹುಡುಗಿಯರೇ. "ಆ ಮೇಡಂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತಾರೆ" ಎಂಬ ಒಂದೇ ಮಾತಿನ ಮೇಲೆ ಬಣಕಲ್, ಕೊಟ್ಟಿಗೆಹಾರದ ತಾಯಂದಿರು ಮಕ್ಕಳನ್ನು ಬಸ್ ಹತ್ತಿಸುತ್ತಿದ್ದರು.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಬಂದರೆ ಅವನ ಕ್ಯಾನಿನೊಳಗೆ ಇಣುಕಿ ನೋಡದೆ ಪಾತ್ರೆ ಹಿಡಿದವಳಲ್ಲ. ಬಸ್ಸಿನಲ್ಲಿ ಪಕ್ಕದವರು ಸುಮ್ಮನೆ ನಕ್ಕರೂ ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳುತ್ತೇನೆ. "ನೀನು ತೀರ್ಥ ಕೊಟ್ರೂ ಮೂಸಿ ನೋಡಿಯೇ ಕುಡಿಯೋದು" ಎಂದು ನಮ್ಮ ಯಜಮಾನರು ಹಂಗಿಸುತ್ತಾರೆ. ಮೂಸಿದರೆ ಗಂಟೇನು ಹೋಗುತ್ತದೆ, ನೀವೇ ಹೇಳಿ.

ಟೈಪ್‌ರೈಟರಿನ ಕಾಲ ಮುಗಿಯುತ್ತಾ ಬಂದಿದ್ದರಿಂದ ಹಳೆಯ ಮೂರು ಕಂಪ್ಯೂಟರ್ ತಂದಿಟ್ಟಿದ್ದೆ. ಮಳೆ ಹಿಡಿಯುವ ಹೊತ್ತಿಗೆ ವೈರಸ್ ಹತ್ತಿ ಎರಡು ಮಲಗಿದವು. ಮೂರನೆಯದು ಮಲಗಿದ್ದರೇ ಚೆನ್ನಾಗಿತ್ತು. ಆನ್ ಮಾಡಿದರೆ ಸಾಕು, ಹೇಳಬಾರದಂಥ ಚಿತ್ರವೊಂದು ತಾನಾಗಿ ಬಂದು ಕೂರುತ್ತಿತ್ತು. ಒಬ್ಬ ಹುಡುಗಿ ಅದನ್ನು ನೋಡಿ ಕಿರುಚಿಕೊಂಡಳು. ಈ ಸುದ್ದಿ ಒಬ್ಬ ತಾಯಿಯ ಕಿವಿಗೆ ಬಿದ್ದರೂ ನನ್ನ ಶಾಲೆಗೆ ಬೀಗ ಬೀಳುವುದು ಖಂಡಿತ. ಮೂರಕ್ಕೂ ಬಟ್ಟೆ ಮುಚ್ಚಿಟ್ಟು, ರಿಪೇರಿಯವರನ್ನು ಹುಡುಕತೊಡಗಿದೆ.

ಸಿಕ್ಕವರು ಇಕ್ಬಾಲ್. ಕೊಟ್ಟಿಗೆಹಾರದಲ್ಲಿ ಟಿ.ವಿ., ಮಿಕ್ಸಿ, ಪಂಪ್‌ಸೆಟ್, ಎಸ್ಟೇಟಿನ ಮೋಟರು ಎಲ್ಲವನ್ನೂ ರಿಪೇರಿ ಮಾಡುವವರು. ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಂದೆ. ಕಂಪ್ಯೂಟರನ್ನು ಪುಸ್ತಕ ನೋಡಿ ತಾವೇ ಕಲಿತವರು.

"ಲಿನಕ್ಸ್ ಅಂತ ಒಂದು ಉಂಟು ಮೇಡಂ, ಕಂಪ್ಯೂಟರ್ ನಡೆಸೋ ಬೇರೆ ವ್ಯವಸ್ಥೆ. ಅದು ಹಾಕಿದ್ರೆ ಈ ವೈರಸ್ ಕಾಟ ಇರೋದಿಲ್ಲ. ಸಿ.ಡಿ. ನನ್ನ ಹತ್ರ ಇದೆ. ನಿಮ್ಮ ಶಾಲೆಗೆ ಅಂತಲೇ ಸ್ವಲ್ಪ ತಿದ್ದಿ ತರ್ತೀನಿ" ಎಂದರು.

"ಎಷ್ಟಾಗ್ತದೆ?"

"ಎಂತದೂ ಬೇಡ."

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಎಂತದೂ ಬೇಡ ಅನ್ನುವವರಿಗೆ ಏನೋ ಬೇಕಾಗಿರುತ್ತದೆ ಎಂಬುದು ನನ್ನ ಲೆಕ್ಕ. ಆದರೂ ಬೇರೆ ದಾರಿ ಇರಲಿಲ್ಲ, ಹೂಂ ಎಂದೆ.

ಶನಿವಾರ ಹುಡುಗಿಯರಿಗೆ ರಜೆ ಕೊಟ್ಟು ಬೆಳಿಗ್ಗೆಯೇ ಇಕ್ಬಾಲ್ ಅವರನ್ನು ಕರೆಸಿದೆ. ಅವರ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು, ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಉದ್ದ ಪಟ್ಟಿ ಬಂತು. ಪ್ರತಿ ಸಾಲಿನ ಮುಂದೆ ಒಂದು ಪುಟ್ಟ ಚೌಕ. ಕೆಲವಕ್ಕೆ ಟಿಕ್ ಬಿದ್ದಿತ್ತು, ಕೆಲವು ಖಾಲಿ.

"ಒಳಗೆ ಸಾವಿರಾರು ಪ್ರೋಗ್ರಾಂ ಇದೆ ಮೇಡಂ. ಒಂದೊಂದೇ ಆರಿಸ್ತಾ ಕೂತ್ರೆ ದಿನ ಮುಗೀತದೆ. ಅದಕ್ಕೇ ಗುಂಪು ಮಾಡಿರ್ತಾರೆ. ಗುಂಪಿಗೆ ಟಿಕ್ ಹಾಕಿದ್ರೆ ಅದರಲ್ಲಿರೋದೆಲ್ಲ ಬರ್ತದೆ. ನೋಡಿ, ಮೇಲಿಂದು ನಾನು ಮಾಡಿದ ಗುಂಪು."

ಪಟ್ಟಿಯ ಮೊದಲ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಮೂಡಿಗೆರೆ ಟೈಪಿಂಗ್' ಎಂದಿತ್ತು. ಒಳಗೊಳಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಗುಂಪಿನ ಒಳಗೆ ಏನೇನಿದೆ, ತೆರೆದು ತೋರಿಸಿ ಎಂದೆ. ತೆರೆದರು. ಅಲ್ಲಿ ಕೆಲವು ಟಿಕ್‌ಗಳನ್ನು ನಾವು ತೆಗೆಯಬಹುದಿತ್ತು, ಖಾಲಿ ಇದ್ದವಕ್ಕೆ ಬೇಕಾದರೆ ಹಾಕಬಹುದಿತ್ತು. ಮೊದಲ ನಾಲ್ಕು ಮಾತ್ರ ಬೂದಿ ಬಣ್ಣದಲ್ಲಿದ್ದವು, ಎಷ್ಟು ಒತ್ತಿದರೂ ಮಿಸುಕಲಿಲ್ಲ.

"ಇವು ಯಾಕೆ ಹೋಗಲ್ಲ?"

"ಅವಿಲ್ಲದಿದ್ರೆ ಉಳಿದದ್ದು ನಡೆಯೋಲ್ಲ ಮೇಡಂ. ಕಡ್ಡಾಯ ಅಂತ ಇಟ್ಟಿದ್ದೀನಿ."

"ಕಡ್ಡಾಯ ಮಾಡೋಕೆ ನೀವ್ಯಾರ್ರೀ?"

ಇಕ್ಬಾಲ್ ನಕ್ಕು ತಲೆ ಕೆರೆದುಕೊಂಡರು. ಗೇಮ್ಸ್ ತೆಗೆಸಿದೆ. ಹಾಡು ಕೇಳುವುದು ತೆಗೆಸಿದೆ. ಸರ್ವರ್ ಎಂದರೇನೆಂದು ಗೊತ್ತಿರಲಿಲ್ಲ, ಅದನ್ನೂ ತೆಗೆಸಿದೆ. ಉಳಿದ ಗುಂಪುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ತಾರೀಖು ಹಾಕಿ, ಇಕ್ಬಾಲ್ ಅವರಿಂದ ಸಹಿಯನ್ನೂ ಮಾಡಿಸಿದೆ. "ಸಿ.ಡಿ.ಗೆ ಸಹಿ ಮಾಡಿದ್ದು ಇದೇ ಮೊದಲು ಮೇಡಂ" ಎಂದರು ಪಾಪ.

ಕೆಲಸ ಶುರುವಾಯಿತು. ಒಳಗೆ ಹೋಗುತ್ತಿದ್ದ ಒಂದೊಂದರ ಹೆಸರೂ ಪರದೆಯ ಮೇಲೆ ಮೂಡಿ ಮಾಯವಾಗುತ್ತಿತ್ತು. ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೆ. ಸುಮಾರು ಅರ್ಧ ಮುಗಿದಾಗ ಒಂದು ಹೆಸರು ಬಂತು. ಲೀಲಾ.

ಇದೆಂಥ ಹೆಸರು? ಹೆಂಗಸಿನ ಹೆಸರು! ಹೋದ ತಿಂಗಳು ಕಂಡ ಆ ಹಾಳು ಚಿತ್ರ ಕಣ್ಣ ಮುಂದೆ ಬಂತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಜುಲೈನಲ್ಲಿ ನಮ್ಮೂರಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ, ಇರುವುದೇ ಸುದ್ದಿ. "ಛೇ, ಮತ್ತೆ ಮೊದಲಿಂದ ಮಾಡ್ಬೇಕು" ಎಂದು ಇಕ್ಬಾಲ್ ಗೊಣಗಿದರು. ಕೇಳುವ ಮೊದಲು ಆ ಪಟ್ಟಿಯನ್ನು ನಾನೇ ಜಾಲಾಡಬೇಕು ಅಂದುಕೊಂಡೆ.

ಕರೆಂಟ್ ಬಂದು, ಮತ್ತೆ ಆ ಪಟ್ಟಿ ಮೂಡಿದಾಗ "ನೀವು ಕೆಳಗೆ ಹೋಗಿ ಟೀ ಕುಡ್ಕೊಂಡು ಬನ್ನಿ. ಟಿಕ್ ತೆಗೆಯೋದು ನಾನೇ ಮಾಡ್ತೀನಿ, ಕಲಿತ ಹಾಗಾಗ್ತದೆ" ಎಂದೆ. ಅವರು ಮೆಟ್ಟಿಲಿಳಿದದ್ದೇ ತಡ, ಒಂದೊಂದು ಗುಂಪನ್ನೂ ತೆರೆದು ಒಳಗಿನ ಸಾಲುಗಳನ್ನು ಬೆರಳಿಟ್ಟು ಓದಿದೆ. ಲೀಲಾ ಎಲ್ಲೂ ಇರಲಿಲ್ಲ. ಟಿಕ್ ಹಾಕಿದ್ದರಲ್ಲೂ ಇಲ್ಲ, ಖಾಲಿ ಬಿಟ್ಟಿದ್ದರಲ್ಲೂ ಇಲ್ಲ. ಇಕ್ಬಾಲ್ ಬಂದು ಮುಂದುವರಿಸಿದರು. ಅರ್ಧದಷ್ಟಾಗುತ್ತಲೇ ಮತ್ತೆ ಅದೇ ಹೆಸರು. ನಾನು ಎದ್ದವಳೇ ಗೋಡೆಯ ಸ್ವಿಚ್ ಆರಿಸಿಬಿಟ್ಟೆ.

"ಯಾರ್ರೀ ಅವಳು ಲೀಲಾ?"

ಇಕ್ಬಾಲ್ ಮುಖ ಬಿಳಿಚಿತು. ನನಗೆ ಅಷ್ಟೇ ಸಾಕಾಯಿತು. "ಪಟ್ಟಿ ಪೂರ್ತಿ ಜಾಲಾಡಿದ್ದೀನಿ. ಅಲ್ಲಿ ಇಲ್ಲದ್ದು ಒಳಗೆ ಹೆಂಗೆ ಹೋಗ್ತದೆ? ಹತ್ತೊಂಬತ್ತು ಹೆಣ್ಣುಮಕ್ಕಳು ಬರೋ ಜಾಗ ಇದು. ಏನು ತುಂಬಿಸ್ತಿದ್ದೀರಿ ಇಲ್ಲಿ? ಪೊಲೀಸ್ ಸ್ಟೇಷನ್ ಏನೂ ದೂರ ಇಲ್ಲ, ತಿಳ್ಕೊಳ್ಳಿ!"

ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲಿನ ತನಕ ಬಂದು ಇಣುಕಿದರು. ಇಕ್ಬಾಲ್ ಬೆಂಚಿನ ಮೇಲೆ ಕೂತರು.

"ಕೂಗಬೇಡಿ ಮೇಡಂ, ಹೇಳ್ತೀನಿ. ಅದೂ ಒಂದು ಗುಂಪೇ. ಗುಂಪು ಮಾಡೋ ಫೈಲಲ್ಲಿ, ಇದು ಪಟ್ಟಿಯಲ್ಲಿ ಕಾಣ್ಬೇಕಾ ಬೇಡ್ವಾ ಅಂತ ಒಂದು ಸಾಲು ಇರ್ತದೆ. ನಾನು ಬೇಡ ಅಂತ ಬರೆದಿದ್ದೆ. ಕಾಣದಿದ್ರೂ ಅದು ತಾನಾಗಿ ಒಳಗೆ ಹೋಗ್ತದೆ. ಲೀಲಾ ಅಂದ್ರೆ ನಮ್ಮ ಕೊಟ್ಟಿಗೆಹಾರದ ಹುಡುಗಿ. ಜೂನ್‌ನಲ್ಲಿ ನಿಮ್ಮಲ್ಲಿ ಸೇರೋಕೆ ಬಂದಿದ್ಲು. ನೀವು ವಾಪಸ್ ಕಳಿಸಿದ್ರಿ."

ನೆನಪಾಯಿತು. ಬಲಗೈಯನ್ನು ವೇಲಿನೊಳಗೆ ಸುತ್ತಿಕೊಂಡು ಬಂದಿದ್ದ ಹುಡುಗಿ. ವೇಲು ಜಾರಿದಾಗ ನೋಡಿದೆ, ಹೆಬ್ಬೆರಳು ಬಿಟ್ಟರೆ ಬೇರೆ ಬೆರಳಿರಲಿಲ್ಲ. "ಟೈಪಿಂಗಿಗೆ ಹತ್ತು ಬೆರಳು ಬೇಕಮ್ಮ, ನಿನ್ನಿಂದ ಆಗಲ್ಲ" ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದೆ. ಹೆಸರು ಕೇಳಿರಲಿಲ್ಲ.

"ಎಡಗೈ ಒಂದರಲ್ಲೇ ಟೈಪ್ ಮಾಡೋ ಅಕ್ಷರದ ಜೋಡಣೆ ಇದರಲ್ಲಿ ಉಂಟು ಮೇಡಂ. ಶಿಫ್ಟ್ ಕೀ ಒಮ್ಮೆ ಒತ್ತಿ ಬಿಟ್ರೆ ಹಿಡಿದ ಹಾಗೆ ನಿಲ್ತದೆ. ಅದಕ್ಕೆ ಪಾಠ ಬೇಕಿತ್ತು, ನಾನೇ ಬರೆದೆ. ಎಲ್ಲ ಸೇರಿಸಿ ಅವಳ ಹೆಸರಿಟ್ಟೆ. ಇಲ್ಲಿ ಅವಳನ್ನೇ ಕೂರಿಸಿ ಟೈಪ್ ಮಾಡ್ಸಿ ತೋರಿಸಿ, ಆಮೇಲೆ ನಿಮ್ಮತ್ರ ಮಾತಾಡೋಣ ಅಂತ ಇದ್ದೆ."

"ಪಟ್ಟಿಯಲ್ಲೇ ತೋರಿಸ್ಬಹುದಿತ್ತಲ್ಲ?"

"ತೋರಿಸಿದ್ರೆ ನೀವು ಟಿಕ್ ತೆಗೀತಿದ್ರಿ."

ಅದು ನಿಜವೇ. ಆದರೆ ಅನುಮಾನ ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಯಾರದೋ ಮನೆಯ ಹುಡುಗಿಗಾಗಿ ನೀವು ಇಷ್ಟೆಲ್ಲ ಮಾಡುವುದು ಯಾಕೆ ಎಂದು ಕೇಳಿಯೇಬಿಟ್ಟೆ.

ಇಕ್ಬಾಲ್ ನೆಲ ನೋಡುತ್ತಾ ಹೇಳಿದರು. ಲೀಲಾಳ ಕೈ ಹೋದದ್ದು ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ. "ಅದರ ಬೆಲ್ಟಿಗೆ ಮುಚ್ಚೋ ತಗಡು ಹಿಂದಿನ ದಿನ ರಿಪೇರಿಗೆ ಅಂತ ನಾನೇ ಬಿಚ್ಚಿದ್ದೆ ಮೇಡಂ. ಕತ್ತಲಾಯ್ತು, ನಾಳೆ ಬಂದು ಹಾಕ್ತೀನಿ ಅಂತ ಹೋದೆ. ಬೆಳಿಗ್ಗೆ ನಾನು ಬರೋದ್ರೊಳಗೆ ಯಂತ್ರ ಓಡಿಸಿದ್ರು. ಅವಳ ಅಮ್ಮನ ಹತ್ರ ಎಲ್ಲ ಹೇಳಿದ್ದೀನಿ. ಅವರು ಬೈದಿದ್ರೆ ಆಗ್ತಿತ್ತು. ಒಂದು ಮಾತೂ ಆಡ್ಲಿಲ್ಲ."

ನನಗೆ ಅಳು ಬಂತು. ಅವರಿಗಾಗಿಯೋ, ಆ ಹುಡುಗಿಗಾಗಿಯೋ, ನನ್ನ ನಾಚಿಕೆಗೋ ಗೊತ್ತಾಗಲಿಲ್ಲ. ಎದ್ದು ಹೋಗಿ ಸ್ವಿಚ್ ಹಾಕಿದೆ. "ಆ ಸಾಲು ತಿದ್ದಿ. ಎಲ್ಲರಿಗೂ ಕಾಣೋ ಹಾಗೆ ಮಾಡಿ ತನ್ನಿ" ಎಂದೆ. ಹೊಸ ಸಿ.ಡಿ. ಮಾಡಿಸಲು ಇಕ್ಬಾಲ್ ಅವತ್ತೇ ಚಿಕ್ಕಮಗಳೂರಿಗೆ ಹೋದರು.

ಭಾನುವಾರ ನಾನು ಕೊಟ್ಟಿಗೆಹಾರದ ಬಸ್ ಹತ್ತಿ ಲೀಲಾಳ ಮನೆಗೆ ಹೋದೆ. ಅವಳ ತಾಯಿ ಅಂಗಳದಲ್ಲಿ ಸೌದೆ ಒಳಗಿಡುತ್ತಿದ್ದವರು ನನ್ನನ್ನು ನೋಡಿ ನಿಂತರು. ಬನ್ನಿ ಎನ್ನಲಿಲ್ಲ.

"ಸೋಮವಾರದಿಂದ ಮಗಳನ್ನ ಕಳಿಸಿಕೊಡಿ. ಅವಳಿಗೆ ಹೇಳಿಕೊಡ್ತೀನಿ" ಎಂದೆ.

"ಎಂತಕ್ಕೆ? ಇನ್ನೊಂದ್ಸಲ ವಾಪಸ್ ಕಳ್ಸೋಕಾ?"

ಅವರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ನಾನು ಜನರನ್ನು ಹಾಗೇ ನೋಡುವುದು. ಆದರೆ ನೋಡಿಸಿಕೊಂಡು ಅಭ್ಯಾಸವಿರಲಿಲ್ಲ. "ತಪ್ಪಾಯ್ತು" ಎಂದಷ್ಟೇ ಹೇಳಿದೆ.

ಬಾಗಿಲಲ್ಲಿ ನಿಂತಿದ್ದ ಲೀಲಾ ಮಾತಾಡಿದಳು. "ಬರ್ತೀನಿ ಮೇಡಂ. ಆದ್ರೆ ನನಗೆ ಅಂತ ಬೇರೆ ಹೊತ್ತು ಬೇಡ. ಎಲ್ಲರೂ ಬರೋವಾಗಲೇ ಬರ್ತೀನಿ."

ಹೇಳಿದಂತೆ ಬಂದಳು. ಆರು ತಿಂಗಳು ಹೋಗುವಷ್ಟರಲ್ಲಿ ಒಂದೇ ಕೈಯಲ್ಲಿ, ನನ್ನ ಹತ್ತೊಂಬತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಹಿಂದೆ ಹಾಕಿದಳು. ಆಮೇಲೆ ಬಣಕಲ್‌ನಲ್ಲಿ ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು.

ಆದರೆ ನಾನು ಮರೆಯಲಾರದ್ದು ಅದಲ್ಲ. ಕಂಪ್ಯೂಟರಿನಲ್ಲಿ ಯಾವ ಯಾವ ಗುಂಪು ಇದೆ ಎಂದು ತೋರಿಸುವ ಪಟ್ಟಿಯೊಂದು ಇರುತ್ತದಲ್ಲ, ಲೀಲಾ ದಿನಾ ಬಂದು ಕೂತೊಡನೆ ಮೊದಲು ಅದನ್ನು ತೆರೆಯುತ್ತಿದ್ದಳು. ತನ್ನ ಹೆಸರಿನ ಮುಂದೆ ಟಿಕ್ ಇದೆ ಎಂದು ಖಾತ್ರಿಯಾದ ಮೇಲೆಯೇ ಪಾಠ ಶುರು. ಒಂದು ದಿನ ತಡೆಯಲಾರದೆ "ಯಾರು ತೆಗೀತಾರೆ ಮಾರಾಯ್ತಿ ಅದನ್ನ?" ಎಂದೆ.

"ಇರ್ಲಿ ಮೇಡಂ, ನೋಡ್ಕೊಂಡ್ರೆ ಒಳ್ಳೇದು" ಎಂದಳು, ಮುಖ ತಿರುಗಿಸದೆ.

ನನ್ನ ಅನುಮಾನ ಹುಟ್ಟಿನಿಂದ ಬಂದದ್ದು. ಅವಳದು ಬಂದದ್ದು ನನ್ನ ಬಾಗಿಲಿನಲ್ಲಿ. ಕೋರ್ಸ್ ಮುಗಿದ ಕೊನೆಯ ದಿನವೂ ಅವಳು ಆ ಪಟ್ಟಿ ತೆರೆದು ನೋಡಿಯೇ ಕೂತಳು.