ಮೂರನೆಯ ಟ್ಯಾಂಕರ್

ಫರೀದಾಬಾದಿನ ಆ ಬಣ್ಣದ ಕಾರ್ಖಾನೆ ಮುಚ್ಚಿದ ಮೇಲೆ ಎಲ್ಲರೂ ಹೋದರು, ತಿಪ್ಪೇಸ್ವಾಮಿ ಹೋಗಲಿಲ್ಲ. ಹಿತ್ತಲಲ್ಲಿ ಹೂತಿದ್ದ ಥಿನ್ನರ್ ಟ್ಯಾಂಕನ್ನು ೧೯೭೬ರಲ್ಲಿ ನಿಂತು ಕೂರಿಸಿದವನು ಅವನೇ. ತೆಗೆಸುವವನೂ ತಾನೇ ಆಗಬೇಕೆಂದು ಹಟ ಹಿಡಿದಿದ್ದ.

"ತುಂಬಿದ ಟ್ಯಾಂಕ್ ಸಾಧು ಕಣೋ, ಚಂದ್ರಕಾಂತ. ಖಾಲಿಯಾದದ್ದೇ ಹಾಯೋದು," ಎನ್ನುತ್ತಿದ್ದ, ಸ್ಟೋರಿನ ಗುಮಾಸ್ತನಾಗಿದ್ದ ಗೆಳೆಯನಿಗೆ.

ಅದು ೨೦೦೪ರ ಜೂನ್. ಸುತ್ತಲಿನ ಮಣ್ಣು ತೆಗೆದಾಗಿತ್ತು. ಟ್ಯಾಂಕಿಗೆ ಬಾಯಿಮಟ್ಟ ನೀರು ತುಂಬಿ ಒಳಗಿನ ಬೆಂಕಿ ಹತ್ತುವ ಆವಿಯನ್ನೆಲ್ಲ ಹೊರಗೆ ತಳ್ಳಬೇಕು. ಆಮೇಲಷ್ಟೇ ಉರಿಯಿಂದ ಕಬ್ಬಿಣ ಕೊಯ್ಯುವ ಗ್ಯಾಸ್ ಕಟ್ಟರ್ ಮುಟ್ಟಿಸಬಹುದು. ಮೂರು ಟ್ಯಾಂಕರ್ ನೀರು ಬೇಕಿತ್ತು. ಎರಡು ಒಳಗೆ ಸುರಿದಾಗಿತ್ತು. ಮೂರನೆಯದನ್ನು ಎದುರಿನ ಗುಡಿಸಲು ಸಾಲಿನ, ಜುಗ್ಗಿಯ ಹೆಂಗಸರು ಗೇಟಿನಲ್ಲೇ ತಡೆದರು. ಅವರ ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನವಾಗಿತ್ತು.

"ಅಂಕಲ್‌ಜೀ, ನಿಮ್ಮ ಕಬ್ಬಿಣಕ್ಕೆ ಅಷ್ಟೊಂದು ಬಾಯಾರಿಕೆಯಾ?" ಎಂದು ಒಬ್ಬಳು ಕೆಣಕಿದಳು.

ತಿಪ್ಪೇಸ್ವಾಮಿ ಅವಳ ಕೈಯ ಡಬ್ಬವನ್ನೇ ನೋಡುತ್ತ ನಿಂತ. ಕೊನೆಗೆ ಡ್ರೈವರನಿಗೆ, "ಭಯ್ಯಾ, ಪೈಪ್ ಇಲ್ಲೇ ಬಿಡು," ಎಂದ.

"ಅಚ್ಛಾ, ಟ್ಯಾಂಕಿಗೆ?" ಎಂದ ಚಂದ್ರಕಾಂತ.

"ಅದು ನಾಳೆವರೆಗೆ ಕಾಯುತ್ತೆ."

ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ, ಇನ್ನೂ ತುಂಬಿಲ್ಲ, ಬೆಂಕಿ ತರಬೇಡಿ ಎಂದು ಹಿಂದಿಯಲ್ಲಿ ದಪ್ಪಗೆ ಬರೆದ. ಸಂಜೆ ಎದ್ದ ಆಂಧಿಯ ಬಿರುಗಾಳಿ ಧೂಳೆರಚಿ ಅದನ್ನು ಉಜ್ಜಿಹಾಕಿತು.

ಮರುದಿನ ಬೆಳಿಗ್ಗೆ ಇಬ್ಬರೂ ಗೇಟಿನಲ್ಲಿ ಟ್ಯಾಂಕರಿಗೆ ಕಾಯುತ್ತಿದ್ದರು. ಟ್ಯಾಂಕ್ ಕೊಯ್ಯುವ ಗುತ್ತಿಗೆದಾರನ ಆಳುಗಳು ಹಿಂಬಾಗಿಲಿನಿಂದ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಕಟ್ಟರ್ ಹಿಡಿದವನು ತನ್ನ ರೂಢಿಯಂತೆ ಟ್ಯಾಂಕಿನ ಹೊಟ್ಟೆಗೆ ಸುತ್ತಿಗೆಯಿಂದ ಬಡಿದನಂತೆ. ಟೊಳ್ಳಲ್ಲದ ಗಟ್ಟಿ ಸದ್ದು. "ಭರಾ ಹೈ, ಚಲೋ," ತುಂಬಿದೆ, ನಡಿ, ಎಂದನಂತೆ. ಬದುಕುಳಿದ ಅವನ ಜೊತೆಗಾರ ಆಮೇಲೆ ಹೇಳಿದ್ದು ಇಷ್ಟು. ಬಡಿಯಬೇಕಾದದ್ದು ನೀರು ಮುಟ್ಟದೆ ಆವಿ ನಿಂತಿರುವ ನೆತ್ತಿಗೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಿತ್ತಲಿನಿಂದ ಕಟ್ಟರಿನ ಸುಯ್ ಸದ್ದು ಕೇಳಿದ್ದೇ ತಿಪ್ಪೇಸ್ವಾಮಿ ಓಡಿದ. "ರುಕೋ! ರುಕೋ!" ಎಂದು ತಲೆಯ ಟವೆಲ್ ಬೀಸುತ್ತ ಓಡಿದ. ಟ್ಯಾಂಕ್ ಸಿಡಿದಾಗ ಮಂಡಿನೋವಿನ ಚಂದ್ರಕಾಂತ ಇಪ್ಪತ್ತು ಹೆಜ್ಜೆ ಹಿಂದೆ ಉಳಿದಿದ್ದ. ಆ ಇಪ್ಪತ್ತು ಹೆಜ್ಜೆಯಿಂದಲೇ ಅವನು ಇಂದಿಗೂ ಬದುಕಿದ್ದಾನೆ.

ಉರಿ ಆರಿಸಲು ಮೊದಲು ಬಂದವರು ಜುಗ್ಗಿಯ ಹೆಂಗಸರು. ಹಿಂದಿನ ದಿನ ತುಂಬಿಸಿಕೊಂಡ ಡಬ್ಬಗಳನ್ನೇ ಹೊತ್ತು ತಂದು ಸುರಿದರು. ಆ ನೀರು ಎಲ್ಲಿಗೂ ಸಾಲಲಿಲ್ಲ. ಟ್ಯಾಂಕಿಗೆ ಬೇಕಿದ್ದ ಮೂರನೆಯ ಟ್ಯಾಂಕರ್ ಆಮೇಲೆ ಬಂತು.

ಹದಿಮೂರನೆಯ ದಿನ ದಿಲ್ಲಿಯ ಜನಕಪುರಿಯ ಮನೆಯಲ್ಲಿ ತಿಪ್ಪೇಸ್ವಾಮಿಯ ಹೆಂಡತಿ ಅಹಲ್ಯಾ, ಚಂದ್ರಕಾಂತನಿಗೆ ನೀರಿನ ಲೋಟ ಕೊಡುತ್ತ ಕೇಳಿದಳು: "ಅವತ್ತು ಆ ಹೆಂಗಸರಿಗೆ ನೀರು ಕೊಡಬಾರದಿತ್ತಾ?"

ಚಂದ್ರಕಾಂತ ನೀರು ಕುಡಿಯದೆ ಲೋಟ ಹಿಡಿದುಕೊಂಡೇ ಕುಳಿತ.