ಟಿಕ್ ಟಿಕ್ ನಡುವೆ ಜಗನ್ನಾಥಣ್ಣ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಫೋನಿಲ್ಲದ ಕೊಲ್ಲಮೊಗ್ರಿನಿಂದ ಸೋಮಯ್ಯ ಮಾಸ್ಟರು ಪುತ್ತೂರಿನ ನನ್ನ ಹ್ಯಾಮ್ ರೇಡಿಯೋಗೆ ಮೋರ್ಸ್ ಸಂಕೇತದ ಟಿಕ್ ಟಿಕ್ ಸದ್ದಿನಲ್ಲಿ ಸುದ್ದಿ ಕಳಿಸುತ್ತಿದ್ದರು. ನನ್ನ ಅಕ್ಕನಿಗೆ ಹಾವು ಕಚ್ಚಿದೆ, ಜೀಪಿನಲ್ಲಿ ಪುತ್ತೂರಿಗೆ ಕಳಿಸಿದ್ದೇವೆ...

ಅಷ್ಟರಲ್ಲಿ ಸುಳ್ಯದ ಜಗನ್ನಾಥಣ್ಣ ಅದೇ ಫ್ರೀಕ್ವೆನ್ಸಿಗೆ ನುಗ್ಗಿ, ಯಾರಾದರೂ ಇದ್ದೀರಾ ಎಂದೂ ಕೇಳದೆ, ತಮ್ಮ ಹೊಸ ಆಂಟೆನಾ ವರ್ಣಿಸತೊಡಗಿದರು. ಯಾವ ಆಸ್ಪತ್ರೆ ಎಂಬುದು ಅವರ ದನಿಯಡಿ ಮುಳುಗಿಹೋಯಿತು.

ಮೈಕ್ ಒತ್ತಿ ಮಾತಾಡುವವರಿಗೆ ಬೇರೆಯವರ ದನಿ ಕೇಳಿಸದು; ಅವರು ಉಸಿರೆಳೆಯಲು ಸ್ವಿಚ್ ಬಿಟ್ಟಾಗ ಹೇಳಿದೆ, "ಸ್ವಲ್ಪ ನಿಲ್ಲಿಸಿ ಮಾರಾಯ್ರೆ, ತುರ್ತು ಸಂದೇಶ ಉಂಟು."

"ಎಂತ ಸಂದೇಶ? ಬರೀ ಟಿಕ್ ಟಿಕ್ ಕೇಳುದು."

"ಅದೇ ಸಂದೇಶ!"

ನಾನು ಕೇಳಿಕೊಂಡ ಮೇಲೆ ಮಾಸ್ಟರು ಮತ್ತೆ ಮೊದಲಿನಿಂದ ಕಳಿಸಿದರು, ಈ ಸಲ ಆಸ್ಪತ್ರೆಯ ಹೆಸರು ಸಿಕ್ಕಿತು. ನಾನು ಆ ಆಸ್ಪತ್ರೆಗೆ ಓಡಿ ವಿಷಯ ತಿಳಿಸಿದೆ. ಜೀಪು ಬರುವಾಗ ಡಾಕ್ಟರು ಔಷಧಿ ಹಿಡಿದು ನಿಂತಿದ್ದರು. ಅಕ್ಕ ಈಗ ಗಂಜಿ ಕುಡಿದಿದ್ದಾರೆ.

ಸಂಜೆ ಜಗನ್ನಾಥಣ್ಣ ರೇಡಿಯೋದಲ್ಲಿ ಸಿಕ್ಕಿ ಬೇಸರಿಸಿಕೊಂಡರು. "ಮೊದಲೇ ಹೇಳ್ಬಾರ್ದಿತ್ತಾ ನೀವು?"

ಹೇಳಬೇಕಾದರೆ ನೀವು ಬಾಯಿ ಮುಚ್ಚಬೇಕಲ್ಲ ಎಂದುಕೊಳ್ಳುತ್ತಾ ರೇಡಿಯೋ ಆಫ್ ಮಾಡಿದೆ.