ಹನ್ನೊಂದು ಕಲೆ

ಅಥಣಿಯ ಸ್ಟುಡಿಯೋದವರೊಬ್ಬರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮರೆಸುವುದರಲ್ಲಿ ಹೆಸರಾಗಿದ್ದರು. ನಾನು ಅವರಲ್ಲಿ ನಾಲ್ಕು ಸಲ ಫೋಟೊ ತೆಗೆಸಿದ್ದೆ. ನಾಲ್ಕೂ ಸಲ ಎರಡು ಬೆರಳಿನಿಂದ ನನ್ನ ಗದ್ದ ಎತ್ತಿ, "ಮಾರಿ ಸ್ವಚ್ಛ ಮಾಡಿ ಕೊಡ್ತೀನ್ರಿ" ಎಂದಿದ್ದರು.

೧೯೯೯ರಲ್ಲಿ ಅವರು ಕಂಪ್ಯೂಟರ್ ತಂದರು. ನಾನು ಐದನೆಯ ಸಲ ಹೋದ ದಿನ ದಿಗ್ಗೇವಾಡಿಯ ಅಜ್ಜಿಯೊಬ್ಬರು, ತೀರಿಕೊಂಡ ಗಂಡನ ದೊಡ್ಡ ಮಾಡಿಸಿದ ಫೋಟೊ ಒಯ್ಯಲು ಬಂದಿದ್ದರು. ಮನೆಯಲ್ಲಿದ್ದುದು ಬೂಷ್ಟು ಹಿಡಿದ ಒಂದೇ ಫೋಟೊ. ಸ್ಟುಡಿಯೋದವರು ಅದರ ಚುಕ್ಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿದ್ದರು.

"ಇಂವ ಯಾವ ಸಿನಿಮಾದಾಂವೋ ತಮ್ಮಾ? ನಮ್ಮವ್ರ ಮಾರಿ ಮ್ಯಾಲ ಸಿಡುಬಿನ ಕಲಿ ಇದ್ದುವು," ಎಂದರು ಅಜ್ಜಿ.

"ನಾ ಎಲ್ಲಾ ಬೂಷ್ಟ ಅನ್ಕೊಂಡ್ನಿ ಆಯಿ."

ಸ್ಟುಡಿಯೋದವರು ಹಳೆಯ ಫೋಟೊಗೆ ಭೂತಗನ್ನಡಿ ಹಿಡಿದರು. ಯಾವುದು ಕಲೆ, ಯಾವುದು ಬೂಷ್ಟು ಎಂದು ತಿಳಿಯಲಿಲ್ಲ. ಕಂಪ್ಯೂಟರ್ ಬಿಟ್ಟು, ಸಣ್ಣ ಕುಂಚ ಮತ್ತು ಶಾಯಿ ತಂದು ಅಜ್ಜಿಯ ಪಕ್ಕದಲ್ಲಿ ಕೂತರು.

"ಎಲ್ಲೆಲ್ಲಿ ಇದ್ದುವು, ನೀವ ತೋರಸ್ರಿ."

ಅಜ್ಜಿ ಕಣ್ಣು ಮುಚ್ಚಿ, ತಮ್ಮದೇ ಮುಖದ ಮೇಲೆ ಬೆರಳಿಟ್ಟು ತೋರಿಸುತ್ತ ಹೋದರು. ಸ್ಟುಡಿಯೋದವರು ದೊಡ್ಡ ಫೋಟೊದ ಮೇಲೆ ಅಲ್ಲಲ್ಲೇ ಕುಂಚ ಮುಟ್ಟಿಸುತ್ತ ಬಂದರು. ನಾನು ಎಣಿಸಿದೆ, ಹನ್ನೊಂದು. ಕೊನೆಯದು ಆದ ಮೇಲೆ ಅಜ್ಜಿ ಕಣ್ಣು ತೆರೆದು ಫೋಟೊ ನೋಡಿದರು, ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.